ಸರ್ವಿಸ್ ಲಿಫ್ಟಿನಲ್ಲಿ ನಮ್ಮ ಭಾವ

ನನ್ನ ಅಕ್ಕನ ಗಂಡನ ಜೊತೆ ಅರ್ಧ ಗಂಟೆ ಕೂತು, ಸಿಟ್ಟು ಬಾರದೆ ಎದ್ದು ಬಂದವರು ಯಾರಾದರೂ ಇದ್ದರೆ ದಯವಿಟ್ಟು ತೋರಿಸಿ, ಕಾಲಿಗೆ ಬೀಳುತ್ತೇನೆ! ನಮ್ಮ ಭಾವ ಕುಡಿಯುವುದಿಲ್ಲ, ಬೀಡಿ ಸೇದುವುದಿಲ್ಲ, ಯಾರಿಗೂ ಒಂದು ಕೆಟ್ಟ ಮಾತು ಆಡುವುದಿಲ್ಲ. ಕುಡಿಯುತ್ತಿದ್ದರೆ ಬೈಯುವುದಕ್ಕೆ ಒಂದು ಕಾರಣವಾದರೂ ಸಿಗುತ್ತಿತ್ತು. ಈ ಮನುಷ್ಯ ನಗುನಗುತ್ತಲೇ ನಮ್ಮ ಪಿತ್ತ ನೆತ್ತಿಗೇರಿಸುತ್ತಾರೆ.

ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೇತ್ ಮಿಷನ್ ಮುಂದೆ ನಿಂತೇ ತಲೆ ನರೆಸಿಕೊಂಡವರು ಅವರು. ಕುಂದಲಹಳ್ಳಿಯಿಂದ ಬಸ್ಸು ಬದಲಿಸಿಕೊಂಡು ಹೋಗಿ ಬಂದು ಮಾಡುತ್ತಿದ್ದರು. ಒಂದು ದಿನ ಮಾಲೀಕ ಕಾರ್ಖಾನೆ ಮುಚ್ಚಿ, ಶೆಡ್ಡನ್ನು ಗೋಡೌನಿಗೆ ಬಾಡಿಗೆಗೆ ಕೊಟ್ಟು ಆರಾಮಾಗಿಬಿಟ್ಟ. ಅಕ್ಕ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಚೆಕಿಂಗ್ ಸೆಕ್ಷನ್ನಿನಲ್ಲಿದ್ದಳು. ಹೊಲಿದು ಬಂದ ಶರ್ಟನ್ನು ತಿರುಗಿಸಿ ಮುರುಗಿಸಿ ನೋಡುವ ಕೆಲಸ, ಬೆಳಗಿನಿಂದ ಸಂಜೆಯವರೆಗೂ ನಿಂತುಕೊಂಡೇ. ಅಲ್ಲ ಸ್ವಾಮಿ, ಕೂತರೆ ಶರ್ಟಿನ ತೂತು ಕಾಣುವುದಿಲ್ಲವೇ? ಕೇಳಿದರೆ ರೂಲ್ಸಂತೆ! ಆ ರೂಲ್ಸು ಬರೆದವನು ಖಂಡಿತ ಕೂತುಕೊಂಡೇ ಬರೆದಿರುತ್ತಾನೆ.

ಅಕ್ಕನ ಮೀನಖಂಡದ ನರಗಳು ಗಂಟುಗಂಟಾಗಿ ಉಬ್ಬಿ, ಸಂಜೆಯಾದರೆ ಪಾದ ಚಪ್ಪಲಿಯೊಳಗೆ ಹಿಡಿಯುತ್ತಿರಲಿಲ್ಲ. "ಈ ನಿಲ್ಲೋ ಕೆಲಸ ಬಿಡಲೇಬೇಕಮ್ಮ" ಎಂದರು ಡಾಕ್ಟರು. ಅಕ್ಕ ಬಾಯಿ ತೆರೆಯುವ ಮೊದಲೇ ಭಾವ, "ಬಿಡುಸ್ತೀನಿ ಸಾರ್" ಎಂದುಬಿಟ್ಟರು. ಕೆಲಸ ಕಳೆದುಕೊಂಡು ಮನೆಯಲ್ಲಿ ಕೂತ ಗಂಡ, ದುಡಿಯುತ್ತಿರುವ ಹೆಂಡತಿಯ ಕೆಲಸ ಬಿಡಿಸುತ್ತಾನಂತೆ! ನನಗೆ ಅಲ್ಲೇ ಉರಿದುಹೋಯಿತು.

ಆದರೂ ನಾನು ತಮ್ಮ ಅಲ್ಲವೇ? ನಾನು ಸ್ಟೋರ್ಸ್ ನೋಡಿಕೊಳ್ಳುವ ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯಲ್ಲಿ ಮ್ಯಾನೇಜರ ಹಿಂದೆ ಮುಂದೆ ಸುತ್ತಿ, ಭಾವನಿಗೊಂದು ಕೆಲಸ ಗಿಟ್ಟಿಸಿದೆ. ಪಿಎಫ್ ಇದೆ, ಇಎಸ್‌ಐ ಇದೆ, ಮಧ್ಯಾಹ್ನ ಊಟವೂ ಇದೆ. ಭಾವ ಎಲ್ಲ ಕೇಳಿಸಿಕೊಂಡು ತಲೆ ಅಲ್ಲಾಡಿಸಿದರು.

"ಬ್ಯಾಡ ಕಣಪ್ಪ. ನಾಳೆ ಆ ಕಂಪ್ನಿನೂ ಬಾಗ್ಲಾಕುದ್ರೆ? ನಿಮ್ಮಕ್ಕ ಮತ್ತೆ ಓಗಿ ನಿಂತ್ಕಬೇಕು. ನಮ್ದೇ ಒಂದು ರಾಗಿ ಬೀಸೋ ಇಟ್ಟಿನ ಮಿಷನ್ ಆಗ್ಬೇಕು. ಆಗ ಯಾರೂ ತೆಗೆಯಂಗಿಲ್ಲ."

"ಅಲ್ಲಿವರೆಗೂ ಏನ್ ಮಾಡ್ತೀರಾ ಭಾವ?"

"ಊಟ ಸಪ್ಲೈ ಮಾಡ್ತೀನಿ. ಅದು ಕೆಲ್ಸ ಅಲ್ಲ, ಮೆಟ್ಲು."

ಮರುದಿನವೇ ಬೆನ್ನಿಗೆ ದೊಡ್ಡ ಚೌಕದ ಚೀಲ ಏರಿಸಿಕೊಂಡು, ಹಳೇ ಬೈಕಿನಲ್ಲಿ ಫುಡ್ ಡೆಲಿವರಿಗೆ ಹೊರಟೇಬಿಟ್ಟರು. ಮೊಮ್ಮಗನನ್ನು ಆಡಿಸುವ ವಯಸ್ಸಿನಲ್ಲಿ! ಮೆಟ್ಟಿಲಂತೆ ಮೆಟ್ಟಿಲು, ಹತ್ತುವುದೋ ಇಳಿಯುವುದೋ ಅದನ್ನಾದರೂ ಹೇಳಬೇಡವೇ? ಅಲ್ಲಿಯವರೆಗೂ ಅಕ್ಕ ಗಾರ್ಮೆಂಟ್ಸಿನಲ್ಲಿ ನಿಂತೇ ಇರಬೇಕು!

ಹುಡುಗರೆಲ್ಲ ಫುಟ್‌ಪಾತ್ ಮೇಲೇ ಬೈಕು ಹತ್ತಿಸಿ ಓಡಿಸುವಾಗ ಭಾವ ಪ್ರತಿ ರೋಡ್ ಹಂಪಿನಲ್ಲೂ ಬೈಕು ನಿಲ್ಲಿಸಿ, ಕಾಲು ಊರಿ, ಮೆಲ್ಲಗೆ ದಾಟಿಸುತ್ತಿದ್ದರು. ವೈಟ್‌ಫೀಲ್ಡಿನಲ್ಲಿ ಹಂಪಿಗೇನು ಬರವೇ? ಒಮ್ಮೆ ಹಸಿದ ಹೆಣ್ಣುಮಗಳೊಬ್ಬಳು ಬಾಗಿಲಲ್ಲೇ ಕಾದು ನಿಂತು ಕೂಗಾಡಿದಳಂತೆ. ಭಾವ ಶಾಂತವಾಗಿ, "ಬಿಸಿ ಬೇಕಾದ್ರೆ ನೀವು ಮಾಡ್ಕಬೋದು ಮೇಡಂ, ಬಿರಿಯಾನಿ ಪದ್ರ ಕೆಟ್ರೆ ಯಾರ್ ಸರಿ ಮಾಡ್ತಾರೆ? ತೆಗ್ದು ನೋಡಿ, ಒಂದೇ ಒಂದು ಪದ್ರ ಅಲ್ಲಾಡಿಲ್ಲ" ಎಂದರಂತೆ. ಆಕೆ ತೆಗೆದು ನೋಡಲಿಲ್ಲ. ರೇಟಿಂಗ್ ಮಾತ್ರ ಕೊಟ್ಟಳು, ಒಂದೇ ಒಂದು ನಕ್ಷತ್ರ!

ಸುಮ್ಮನೆ ಕೊಟ್ಟು ಬರುವುದೂ ಇಲ್ಲ. ಪಿಜ್ಜಾ ತರಿಸಿಕೊಂಡ ಮನೆಯಲ್ಲಿ ನಿಂತು, "ನಿಮ್ಮನೇಲಿ ರಾಗಿ ಇಟ್ಟು ಎಲ್ಲಿಂದ ತರ್ತೀರಾ ಸಾರ್?" ಎಂದು ಕೇಳುವುದು. ಪಿಜ್ಜಾ ತಿನ್ನುವವನನ್ನು ರಾಗಿ ಹಿಟ್ಟಿನ ಬಗ್ಗೆ ಕೇಳಿದರೆ ಏನಂದಾನು? "ಕಸ್ಟಮರ್‌ಗಳ ಖಾಸಗಿ ವಿಷಯ ವಿಚಾರಿಸುತ್ತಾರೆ" ಎಂದು ಕಂಪ್ಲೇಂಟು ಹೋಯಿತು. ಹಿಟ್ಟು ಯಾವಾಗಿನಿಂದ ಖಾಸಗಿಯಾಯಿತೋ ದೇವರೇ ಬಲ್ಲ.

ಆ ದೊಡ್ಡ ಅಪಾರ್ಟ್‌ಮೆಂಟುಗಳ ಬಗ್ಗೆ ಹೇಳಲೇಬೇಕು. ತಿನ್ನುವವರಿಗೆ ಕನ್ನಡಿ ಹಾಕಿದ ಲಿಫ್ಟು, ತಂದುಕೊಡುವವರಿಗೆ ಕಸದ ಡ್ರಮ್ಮುಗಳ ಪಕ್ಕದ ಸರ್ವಿಸ್ ಲಿಫ್ಟು. ಭಾವನ ಕೈಯಿಂದ ಬಂದ ಅನ್ನ ಇವರ ಹೊಟ್ಟೆಯೊಳಗೆ ಹೋಗಬಹುದು, ಭಾವ ಇವರ ಪಕ್ಕದಲ್ಲಿ ನಿಲ್ಲಬಾರದು! ಇದನ್ನು ಕೇಳಿ ನನ್ನ ಮೈಯೆಲ್ಲ ಬೆಂಕಿಯಾಯಿತು. "ಭಾವ, ಇನ್ನು ಆ ಲಿಫ್ಟ್ ಹತ್ತಬೇಡಿ. ಗಲಾಟೆ ಮಾಡೋಣ, ನಾನೂ ಬರ್ತೀನಿ" ಎಂದು ಕಿರುಚಿದೆ.

"ಅಯ್ಯೋ, ಆ ಲಿಫ್ಟ್ ತಪ್ಪುಸ್ಬೇಡ ಮಾರಾಯ!" ಎಂದು ಗಾಬರಿಯಾದರು ಭಾವ. "ಅಡುಗೆ ಮಾಡೋ ಎಣ್‌ಮಕ್ಕಳೆಲ್ಲ ಅದ್ರಾಗೇ ಓಗೋದು. ಯಾರ ಮನೇಲಿ ಯಾವ್ ಇಟ್ಟು, ಪ್ಯಾಕೆಟ್ ಇಟ್ಟು ಯಾಕ್ ಕಹಿ, ಎಲ್ಲ ಏಳ್ತಾರೆ. ಊರಾಗಿದ್ದ ಮಿಷನ್ ಒಡ್ದಾಕಿದ್ಮೇಲೆ ಈ ಕಡೆ ಬೀಸೋರೇ ಇಲ್ವಂತೆ ಕಣಪ್ಪ!"

ನಾನು ಅವರ ಮಾನ ಕಾಪಾಡಲು ಹೊರಟರೆ, ಅವರು ಅವಮಾನದೊಳಗೇ ಗಿರಾಕಿ ಹುಡುಕುತ್ತಿದ್ದಾರೆ! ಇಂಥವರ ಪರವಾಗಿ ಜಗಳ ಆಡುವುದಾದರೂ ಹೇಗೆ?

ಆಮೇಲೆ ಬಂತು ಆಯುಧಪೂಜೆ. ಜನ ಅಡುಗೆ ಬಿಟ್ಟು ಹೋಟೆಲ್ಲಿನಿಂದಲೇ ತರಿಸಿಕೊಳ್ಳುವ ಹಬ್ಬ, ಡೆಲಿವರಿಯವರಿಗೆ ಸುಗ್ಗಿ. ನಾನು ಅವರ ಮನೆಗೆ ಹೋದರೆ ಭಾವ ಮಡಿಪಂಚೆ ಉಟ್ಟು ಕೂತಿದ್ದಾರೆ. ಬೈಕಿಗೆ ಬಾಳೆಕಂದು, ಊಟದ ಚೀಲಕ್ಕೆ ಚೆಂಡುಹೂವಿನ ಹಾರ. ಮಣೆಯ ಮೇಲೆ ಮೊಬೈಲು! ಅದಕ್ಕೆ ವಿಭೂತಿ ಪಟ್ಟೆ, ನಡುವೆ ಕುಂಕುಮ. ಆರ್ಡರಿನ ಮೇಲೆ ಆರ್ಡರು ಬಂದು ಅದು ಮಣೆಯ ಮೇಲೇ ಅರಚಿಕೊಳ್ಳುತ್ತಿದೆ, ಭಾವ ಅದಕ್ಕೆ ಮಂಗಳಾರತಿ ಎತ್ತುತ್ತಿದ್ದಾರೆ.

"ಭಾವ, ಫೋನ್ ಎತ್ತಿ!"

"ಇವತ್ತು ಆಯ್ದ ಮುಟ್ಟಂಗಿಲ್ಲ. ಪೀಣ್ಯದಾಗೆ ಅಬ್ಬದ ದಿನ ಒಬ್ರೂ ಸ್ವಿಚ್ ಆಕ್ತಿರ್ನಿಲ್ಲ."

"ಲೇತೂ ಫೋನೂ ಒಂದೇನಾ?"

"ಅದೂ ಅನ್ನ ಆಕ್ತಿತ್ತು, ಇದೂ ಆಕ್ತದೆ. ಅದಕ್ಕೂ ಒಂದಿನ ರಜ ಬ್ಯಾಡ್ವಾ?"

ಆಯುಧಕ್ಕೆ ರಜ ಕೊಟ್ಟ ಮಹಾನುಭಾವರಿಗೆ ಕಂಪನಿ ಕಾಯಂ ರಜ ಕೊಟ್ಟಿತು. ಮರುದಿನ ಐಡಿ ಬ್ಲಾಕ್!

ನಾನು ಭಾವನನ್ನು ಎಳೆದುಕೊಂಡು ಆ ಕಂಪನಿಯ ಆಫೀಸಿಗೆ ಹೋದೆ. ತಣ್ಣಗೆ ಎಸಿ ಹಾಕಿಕೊಂಡು ಕೂತಿದ್ದ ಯುವಕ, "ಸಾರ್, ಇವರು ನಮ್ಮ ಎಂಪ್ಲಾಯಿ ಅಲ್ಲ, ಪಾರ್ಟ್ನರ್" ಎಂದ.

"ಹಾಗಾದ್ರೆ ಲಾಭದಲ್ಲಿ ಪಾಲು ಎಲ್ಲಪ್ಪಾ? ಪಾರ್ಟ್ನರ್‌ನ ಕೇಳ್ದೆ ಬಾಗಿಲು ಹಾಕ್ತೀರಾ? ಮಳೇಲಿ ನೆನೆಯೋದಕ್ಕೆ ಮಾತ್ರ ಪಾರ್ಟ್ನರಾ?"

"ನಾವು ಮಾಡಿದ್ದಲ್ಲ ಸಾರ್, ಸಿಸ್ಟಮ್ ಡಿಸೈಡ್ ಮಾಡುತ್ತೆ."

"ಕರೀರಿ ಆ ಸಿಸ್ಟಮ್‌ನ ಹೊರಗೆ! ನಾನೇ ಮಾತಾಡ್ತೀನಿ!"

ನನ್ನ ಗಂಟಲು ಹರಿಯುತ್ತಿತ್ತು. ಸೆಕ್ಯುರಿಟಿಯವನು ಎದ್ದು ಬಂದ. ಅಕ್ಕ ಆ ಹೊತ್ತಿನಲ್ಲಿ ಊದಿದ ಕಾಲಿನ ಮೇಲೆ ನಿಂತು ಯಾರದೋ ಶರ್ಟು ತಿರುಗಿಸುತ್ತಿರುತ್ತಾಳೆ ಎಂದು ನೆನೆದು ನನಗೆ ಅಳುವೇ ಬರುವಂತಾಗಿತ್ತು. ಇನ್ನು ನಮ್ಮ ಭಾವ? ಮೇಜಿನ ಮೇಲೆ ಬಾಗಿ ಆ ಯುವಕನನ್ನು ವಿಚಾರಿಸುತ್ತಿದ್ದರು: "ನಿಮ್ಮನೇಲಿ ಚಪಾತಿ ಇಟ್ಟು ಎಲ್ಲಿಂದ ತರ್ತೀರಾ ಸಾರ್?"

ಹೊರಗೆ ಬಂದವನೇ ಭಾವನನ್ನು ಅಲ್ಲೇ ಬಿಟ್ಟು ಒಬ್ಬನೇ ಬಸ್ಸು ಹತ್ತಿದೆ.

ಆಮೇಲಿನದನ್ನು ಹೇಳಲು ನನಗೆ ಇನ್ನೂ ಸಿಟ್ಟೇ. ಐಡಿ ಹೋದ ವಾರದಲ್ಲೇ ಸರ್ವಿಸ್ ಲಿಫ್ಟಿನ ಹೆಣ್ಣುಮಕ್ಕಳು ಫೋನು ಮಾಡತೊಡಗಿದರು. "ಅಣ್ಣ, ನಮ್ಮ ಮೇಡಂಗೆ ಗೋಧಿ ಬೀಸಿಸಿ ತಂದ್ಕೊಡ್ತೀರಾ?" ಅದೇ ಬೈಕು, ಅದೇ ಚೀಲ. ಮನೆಮನೆಯಿಂದ ಕಾಳು ಒಯ್ದು, ದೂರದ ಮಿಲ್ಲಿನಲ್ಲಿ ಬೀಸಿಸಿ, ಬಿಸಿ ಹಿಟ್ಟು ತಂದು ಕೊಡುವುದು. ತಡವಾದರೆ ನಕ್ಷತ್ರ ಕಿತ್ತುಕೊಳ್ಳುವವರು ಯಾರೂ ಇಲ್ಲ. ಇದು ಎರಡನೇ ಮೆಟ್ಟಿಲಂತೆ! ಗಿರಾಕಿಗಳು ಕಾಯಂ ಆದ ಮೇಲೆ ಕುಂದಲಹಳ್ಳಿಯ ಹಳೇ ಗೌಡರೊಬ್ಬರ ಕಾರ್‌ಶೆಡ್ಡು ಬಾಡಿಗೆಗೆ ಹಿಡಿದು, ಎಲ್ಲಿಂದಲೋ ಕೆಟ್ಟ ಮಿಷನ್ ತಂದು, ತಾವೇ ಬಿಚ್ಚಿ ಜೋಡಿಸಿದರು. ನಾನು ಆ ಕಡೆ ತಲೆಯೂ ಹಾಕಲಿಲ್ಲ. ಪಿಎಫ್ ಇರುವ ಕೆಲಸ ಒದ್ದವರ ಮೇಲೆ ನನಗೇಕೆ ಕಾಳಜಿ?

ಮಿಷನ್ ಪೂಜೆಯ ದಿನ ಅಕ್ಕ ಕರೆದಳೆಂದು ಹೋದೆ. ಇಕ್ಕಟ್ಟಾದ ಶೆಡ್ಡು. ಒಳಗೆ ಕಾಲಿಡುತ್ತಲೇ ನಡುಮಧ್ಯದಲ್ಲಿದ್ದ ಭಾರಿ ಕುರ್ಚಿಗೆ ಮೊಣಕಾಲು ಬಡಿದು ಪ್ರಾಣ ಹೋಯಿತು.

"ಏನ್ ಭಾವ ಇದು! ಮಿಷನ್ನಿಗೇ ಜಾಗ ಇಲ್ಲ, ನಟ್ಟನಡುವೆ ಸಿಂಹಾಸನ ಬೇರೆ! ಆ ಮೂಲೆಗೆ ಹಾಕಿ!"

"ಅದುನ್ನ ಅಲ್ಲಾಡುಸ್ಬೇಡ" ಎಂದರು ಭಾವ. ಮೊದಲ ಸಲ ಅವರ ದನಿ ಗಡುಸಾಗಿತ್ತು. "ಮೊದ್ಲು ಕುರ್ಚಿ ಇಟ್ಟೆ. ಅದ್ರಿಂದ ಅಳತೆ ತಗಂಡು ಮಿಕ್ಕಿದ್ದೆಲ್ಲ ಕೂರ್ಸಿದ್ದೀನಿ."

ಆಗ ನೋಡಿದೆ. ಸ್ವಿಚ್ಚು ಬೇರೆಲ್ಲೂ ಕಾಣದ ಹಾಗೆ ಸೊಂಟದ ಮಟ್ಟದಲ್ಲಿತ್ತು. ತಕ್ಕಡಿಯ ಹಲಗೆ ತಗ್ಗಿತ್ತು. ಹಿಟ್ಟು ಬೀಳುವ ಬಾಯಿ, ಚೀಲ ಕಟ್ಟುವ ದಾರ, ಗಲ್ಲಾ ಪೆಟ್ಟಿಗೆ ಎಲ್ಲವೂ ಆ ಕುರ್ಚಿಯಿಂದ ಕೈಯಳತೆಯಲ್ಲಿದ್ದವು. ಕಾಳು ಸುರಿಯುವ ಕೆಲಸವೊಂದೇ ನಿಂತು ಮಾಡಬೇಕಾದ್ದು, ಅದು ಭಾವನದು.

ಅಕ್ಕ ಬಂದು ಗೋಡೆ ಪಕ್ಕ ನಿಂತಳು. ಹಿಂದಿನ ದಿನವಷ್ಟೇ ಗಾರ್ಮೆಂಟ್ಸ್ ಬಿಟ್ಟಿದ್ದಳು.

"ಕೂತ್ಕಳೇ" ಎಂದರು ಭಾವ.

"ಗಿರಾಕಿಗಳು ನಿಂತಿರ್ತಾರೆ, ನಾನು ಕೂತ್ಕೊಂಡ್ರೆ ಚೆನ್ನಾಗಿರುತ್ತೇನ್ರೀ?"

"ಅವ್ರು ನಿಂತ್ಕಳ್ಳಿ. ನೀನು ನಿಂತಿದ್ದು ಸಾಕು."

ಅಕ್ಕ ಕುರ್ಚಿಯ ತುದಿಗೆ ಕೂತಳು, ಯಾರೋ ಬಂದು ಎಬ್ಬಿಸುತ್ತಾರೇನೋ ಎನ್ನುವ ಹಾಗೆ. ಆಮೇಲೆ ಹಿಂದಕ್ಕೆ ಒರಗಿ ಸ್ವಿಚ್ಚು ಹಾಕಿದಳು. ಇಡೀ ಶೆಡ್ಡು ಗಡಗಡ ಎಂದಿತು. ನನ್ನ ಸಿಟ್ಟನ್ನಾದರೂ ಇಟ್ಟುಕೊಳ್ಳಲು ಬಿಡಬೇಡವೇ ಈ ಮನುಷ್ಯ? ಕಣ್ಣು ತುಂಬಿ ಬಂತು.

ಮಧ್ಯಾಹ್ನ ಮಿಷನ್ ನಿಲ್ಲಿಸಿ, ಎಲ್ಲರೂ ಹೊರಟ ಮೇಲೆ ಊಟಕ್ಕೆ ಕರೆದೆ. ಅಕ್ಕ ಏಳಲಿಲ್ಲ.

"ನೀವು ನಡೀರಿ" ಎಂದಳು, ಕಾಲು ಚಾಚಿಕೊಂಡು. "ನಾನು ಇನ್ನೊಂದು ಸ್ವಲ್ಪ ಹೊತ್ತು ಕೂತಿರ್ತೀನಿ."