ಮಾವನ ಮಹಡಿಯ ಸಿಹಿ ಎಲೆ

ನನ್ನ ಸೋದರಮಾವನ ಮನೆಗೆ ಹೋದವರಿಗೆ ಮೊದಲು ಕುರ್ಚಿ ಸಿಗುವುದಿಲ್ಲ, ಎಲೆ ಸಿಗುತ್ತದೆ! ಊಟದ ಎಲೆಯಲ್ಲ, ಅಷ್ಟು ಪುಣ್ಯ ಎಲ್ಲಿ ಬರಬೇಕು? ಹೆಬ್ಬೆರಳಿಗಿಂತ ತುಸು ದೊಡ್ಡದಾದ ಒಂದು ಹಸಿರೆಲೆ. ಚಪ್ಪಲಿ ಬಿಡುವ ಮೊದಲೇ ನಮ್ಮ ಬಾಯಲ್ಲಿರುತ್ತದೆ. "ಅಗಿ, ನುಂಗ್ಬೇಡ. ಈಗ ಹೇಳು, ಸಿಹಿ ಎಷ್ಟು?" ಎಂದು ಎದುರು ನಿಂತು ನಮ್ಮ ದವಡೆಯನ್ನೇ ನೋಡುತ್ತಾರೆ. ಸಿದ್ಧಾರ್ಥನಗರದ ಅವರ ಬೀದಿಯ ಪೋಸ್ಟ್‌ಮ್ಯಾನ್ ಈಚೆಗೆ ಕಾಗದಗಳನ್ನು ಗೇಟಿನ ಮೇಲಿಂದಲೇ ಎಸೆದು ಓಡುತ್ತಾನೆ ಎಂದರೆ ನೀವು ನಂಬಬೇಕು.

ಮಾವ ರೇಷ್ಮೆ ಇಲಾಖೆಯಲ್ಲಿದ್ದು ನಿವೃತ್ತರಾದವರು. ಇಡೀ ನೌಕರಿ ಹಿಪ್ಪುನೇರಳೆ ಸೊಪ್ಪು ನೋಡುವುದರಲ್ಲೇ ಕಳೆಯಿತು. ಯಾವ ಸೊಪ್ಪನ್ನು ಹುಳು ತಿನ್ನುತ್ತದೆ, ಯಾವುದಕ್ಕೆ ಮೂತಿ ತಿರುಗಿಸುತ್ತದೆ ಎಂದು ಮುಟ್ಟಿಯೇ ಹೇಳುತ್ತಿದ್ದರಂತೆ. ಈಗ ಹುಳುಗಳಿಲ್ಲವಲ್ಲ, ಆ ಜಾಗಕ್ಕೆ ನೆಂಟರಿಷ್ಟರು ನೇಮಕವಾಗಿದ್ದೇವೆ.

ಇದಕ್ಕೆಲ್ಲ ಮೂಲ ಅತ್ತೆಯ ಕಾಫಿ. ಬೆಳಗ್ಗೆ ಹಿತ್ತಿಲ ಮೆಟ್ಟಿಲ ಮೇಲೆ ಮಾವನ ಪಕ್ಕ ಕೂತು ದೊಡ್ಡ ಲೋಟದ ತುಂಬ ಕಾಫಿ ಕುಡಿಯದೆ ಅತ್ತೆ ಯಾರೊಂದಿಗೂ ಮಾತಾಡಿದವರಲ್ಲ. ಡಾಕ್ಟರು ಸಕ್ಕರೆ ಕಾಯಿಲೆ ಎಂದರು. ಅತ್ತೆ, "ಸಪ್ಪೆ ಕಾಫಿ ಕುಡಿಯೋ ಬದ್ಲು ಕಾಫೀನೇ ಬುಟ್ಬುಡ್ತೀನಿ" ಎಂದರು. ಬಿಟ್ಟೇಬಿಟ್ಟರು! ಮೆಟ್ಟಿಲು ಖಾಲಿಯಾಯಿತು. ಮಾವ ಅಂಗಡಿಯಿಂದ ಸ್ಟೀವಿಯಾ ಹನಿಯ ಬಾಟಲಿ ತಂದರು. ಅದೊಂದು ಗಿಡದ ಎಲೆಯಿಂದ ತೆಗೆದದ್ದು, ಸಕ್ಕರೆಯಿಲ್ಲದೆ ಸಿಹಿ ಕೊಡುತ್ತದೆ. ಅತ್ತೆ ಒಂದು ಗುಟುಕು ಕುಡಿದು, "ಮೊದ್ಲು ಸಿಹಿ, ಆಮೇಲೆ ಬೇವು" ಎಂದು ಲೋಟವನ್ನು ಬಚ್ಚಲಿಗೆ ಬಗ್ಗಿಸಿದರು.

"ಎಲೆ ತಾನೇ? ನಾನೇ ಬೆಳೀತೀನಿ ಕಣೇ!" ಎಂದು ಮಾವ ಗುಡುಗಿದರು. ಹಿನಕಲ್ ಕಡೆಯ ನರ್ಸರಿಯಿಂದ ಸಸಿಗಳು ಬಂದು ಮಹಡಿ ಹತ್ತಿದವು.

ರೇಷ್ಮೆಯವರು ಮಾತ್ರ ಮಾಡಬಹುದಾದ ತಪ್ಪನ್ನು ಮಾವ ಮೊದಲು ಮಾಡಿದರು. ಹುಳುವಿಗೆ ಬೇಕಾದದ್ದು ಅಗಲವಾದ, ಮೆತ್ತನೆಯ ಸೊಪ್ಪು. ಸ್ಟೀವಿಯಾಕ್ಕೂ ಅದೇ ಉಪಚಾರ! ಬುಟ್ಟಿಗಟ್ಟಲೆ ಸಗಣಿ ಗೊಬ್ಬರ, ಹಿಡಿಹಿಡಿ ಯೂರಿಯಾ, ಬಿಸಿಲು ತಾಗದಂತೆ ಮೇಲೊಂದು ಹಸಿರು ಬಲೆ. ಗಿಡ ಹೇಗೆ ಕೊಬ್ಬಿತು ಅಂತೀರಿ! ಪಕ್ಕದ ಮನೆಯಾಕೆಯನ್ನು ಕರೆದು ಎಲೆ ಕೊಟ್ಟರು. ಆಕೆ ನಿಧಾನವಾಗಿ ಅಗಿದು ತೀರ್ಪು ಕೊಟ್ಟರು: "ಸೊಪ್ಪು ಚೆನ್ನಾಗೈತೆ ಕಣ್ರೀ, ಬಸ್ಸಾರಿಗೆ ಆಯ್ತದೆ."

ಅವತ್ತು ಮಾವ ಊಟ ಮಾಡಲಿಲ್ಲ. ಮರುದಿನ ಬಲೆ ಕಿತ್ತರು, ಗೊಬ್ಬರ ಕಡಿಮೆ ಮಾಡಿದರು. "ಬಿಸಿಲಲ್ಲಿ ನಿಂತು ಅಷ್ಟೋ ಇಷ್ಟೋ ತಿಂದ ಗಿಡಾನೇ ಸಿಹಿ ಮಾಡೋದು ಪುಟ್ಟಿ. ಉಂಡು ಕೊಬ್ಬಿದ್ದು ಬರೀ ಮೈ ಬೆಳೆಸ್ತದೆ, ನಿನ್ ತಮ್ಮನ ಥರ" ಎಂದರು. ನನ್ನ ತಮ್ಮ ಪಕ್ಕದಲ್ಲೇ ಕೂತು ಎರಡನೇ ತಟ್ಟೆ ಉಪ್ಪಿಟ್ಟು ತಿನ್ನುತ್ತಿದ್ದ.

ಅಷ್ಟರಲ್ಲಿ ಮಳೆ ಹಿಡಿಯಿತು. ಬೇರಿನಲ್ಲಿ ನೀರು ನಿಂತರೆ ಈ ಗಿಡ ಕೊಳೆಯುತ್ತದೆ. ಮಾವ ಮನೆಯಲ್ಲಿದ್ದ ಕೊಡೆಗಳನ್ನೆಲ್ಲ ಕುಂಡಗಳಿಗೆ ಕಟ್ಟಿ ತಾವು ತೊಪ್ಪೆಯಾಗಿ ಇಳಿದು ಬಂದರು. ಅತ್ತೆ ಟವಲು ಎಸೆದು, "ಮದ್ವೆ ಆದಾಗಿಂದ ನಂಗೊಂದ್ ದಿನ ಕೊಡೆ ಹಿಡೀಲಿಲ್ಲ ಈ ಮಹಾರಾಯ್ರು!" ಎಂದರು.

ದಸರಾ ಮುಗಿದು ಹಗಲು ಕುಗ್ಗತೊಡಗಿದಾಗ ಹೊಸ ಸಂಕಟ. ಹಗಲು ಚಿಕ್ಕದಾದರೆ ಗಿಡ ಹೂವಿಗೆ ಹೊರಡುತ್ತದೆ, ಹೂ ಬಂದರೆ ಎಲೆಯ ಸಿಹಿ ಇಳಿಯುತ್ತದೆ. ಸೂರ್ಯ ಬೇಗ ಮನೆಗೆ ಹೋದರೆ ಮಾವ ಸುಮ್ಮನಿರುತ್ತಾರೆಯೇ? ಮಹಡಿ ತುಂಬ ಬಲ್ಬು ಕಟ್ಟಿಸಿದರು! ಅರಮನೆಯ ದೀಪ ಆರಿದರೂ ಮಾವನ ಮಹಡಿ ಆರಲಿಲ್ಲ. ಕೃಷ್ಣಮೂರ್ತಿಪುರದಿಂದ ನನ್ನನ್ನು ಕರೆತಂದ ಆಟೋದವನು, "ಈ ಮನೇಲಿ ಇನ್ನೂ ದಸರಾ ಮುಗ್ದಿಲ್ವಾ ಮೇಡಂ?" ಎಂದ. ಒಂದು ಸಂಜೆಯಂತೂ ಮದುವೆ ಮನೆ ಹುಡುಕುತ್ತಿದ್ದ ಕುಟುಂಬವೊಂದು ಇದೇ ಇರಬೇಕೆಂದು ಉಡುಗೊರೆ ಸಮೇತ ಒಳಗೆ ಬಂದು, ಎಲ್ಲರೂ ತಲೆಗೊಂದು ಎಲೆ ಅಗಿದು ಹೋದರು.

ನನಗೆ ಮಾತ್ರ ಒಂದು ಅನುಮಾನ ಕಾಡುತ್ತಿತ್ತು. ಊರವರಿಗೆಲ್ಲ ಎಲೆ ಕೊಡುವ, ಎಲೆ ಹಾಕಿದ ಕಾಫಿ ಕುಡಿಸುವ ಈ ಮನುಷ್ಯ ತಾನು ಒಂದು ಚೂರೂ ಬಾಯಿಗಿಡುತ್ತಿರಲಿಲ್ಲ! ಕೇಳಿಯೇಬಿಟ್ಟೆ. "ಅಡುಗೆ ಭಟ್ಟ ಯಾವತ್ತಾದ್ರೂ ಮೊದಲ ಪಂಕ್ತೀಲಿ ಕೂರ್ತಾನೇನಮ್ಮ?" ಎಂದರು. ಕಹಿಗೆ ಹೆದರಿ ನಮ್ಮನ್ನು ಮುಂದೆ ಬಿಡುತ್ತಿದ್ದಾರೆ, ಘಾಟಿ ಮುದುಕ, ಎಂದುಕೊಂಡೆ.

ಯುಗಾದಿ ಕಳೆದು ಹಗಲು ಬೆಳೆಯಿತು, ಬಿಸಿಲು ಬಲಿಯಿತು. ಮೊಗ್ಗು ಕಾಣುವ ಮೊದಲೇ ಮಾವ ಎಲೆ ಕೊಯ್ದು, ಒಣಗಿಸಿ, ಪುಡಿ ಮಾಡಿದರು. ಮರುದಿನ ಬೆಳಗ್ಗೆ ನಾನೂ ಅಲ್ಲೇ ಇದ್ದೆ. ಅತ್ತೆ ಹಿತ್ತಿಲ ಮೆಟ್ಟಿಲ ಮೇಲೆ ಕೂತು ಆ ಪುಡಿ ಹಾಕಿದ ಕಾಫಿಯನ್ನು ಒಂದು ಗುಟುಕು ಕುಡಿದರು. ನಾವು ಉಸಿರು ಬಿಗಿಹಿಡಿದೆವು. ಅತ್ತೆ ಕಹಿ ಬರಲೆಂದು ಕಾದರು. ನಾಲಿಗೆ ಹೊರಳಿಸಿ ಮತ್ತೆ ಕಾದರು.

"ಬರ್ಲಿಲ್ಲ" ಎಂದರು.

ನಾನು ಚಪ್ಪಾಳೆ ತಟ್ಟಬೇಕೆನ್ನುವಷ್ಟರಲ್ಲಿ ಅತ್ತೆ ಇನ್ನೊಂದು ಲೋಟಕ್ಕೆ ಅರ್ಧ ಕಾಫಿ ಬಗ್ಗಿಸಿ ಮಾವನ ಮುಂದಿಟ್ಟರು. "ಇನ್ನಾದ್ರೂ ಕುಡೀರಿ. ನಾನು ಬುಟ್ಟ ದಿನದಿಂದ ನೀವೂ ಕಾಫಿ ಬುಟ್ಟಿದ್ದೀರಿ, ಸಿಹಿ ಅನ್ನೋದನ್ನೇ ಬುಟ್ಟಿದ್ದೀರಿ. ನಂಗೊತ್ತಿಲ್ಲ ಅನ್ಕೊಂಡ್ರಾ?"

ಇಷ್ಟು ದಿನ ನಾವು ನಕ್ಕದ್ದು ಯಾರನ್ನು ನೋಡಿ!

ಮಾವ ಲೋಟ ಮುಟ್ಟಲಿಲ್ಲ. ಅತ್ತೆ, ಮಹಡಿಯಿಂದ ಇಳಿಸಿ ಮೆಟ್ಟಿಲ ಪಕ್ಕ ಇಟ್ಟಿದ್ದ ಕುಂಡದಿಂದ ಒಂದು ಎಲೆ ಕಿತ್ತು ಅವರ ಬಾಯಿಗಿಟ್ಟರು. "ಅಗೀರಿ, ನುಂಗ್ಬೇಡಿ. ಈಗ ಹೇಳಿ, ಸಿಹಿ ಎಷ್ಟು?"

ಊರಿನ ದವಡೆಗಳನ್ನೆಲ್ಲ ಪರೀಕ್ಷೆ ಮಾಡಿದ ನನ್ನ ಮಾವ ತಲೆ ತಗ್ಗಿಸಿ, ಅಗಿಯುತ್ತಲೇ ಲೋಟ ಎತ್ತಿಕೊಂಡರು.