ಬದರಿನಾಥರ ಗೇಜು

ಮನುಷ್ಯರ ನಾಡಿ ಹಿಡಿಯುವ ವೈದ್ಯರು ನಮ್ಮ ಜಯನಗರದಲ್ಲಿ ಬೀದಿಗೊಬ್ಬರಿದ್ದಾರೆ. ಕಾರುಗಳ ನಾಡಿ ಹಿಡಿಯುವ ಧನ್ವಂತರಿ ಮಾತ್ರ ಒಬ್ಬರೇ. ದುರದೃಷ್ಟವಶಾತ್ ಅವರು ನನ್ನ ಗಂಡ. ಬದರಿನಾಥರು ವ್ಯಾಕ್ಯೂಮ್ ಗೇಜ್ ಹಿಡಿದು ಬೀದಿಗಿಳಿದರೆ ಸಾರಕ್ಕಿ ಸಿಗ್ನಲ್‌ವರೆಗಿನ ಸಕಲ ಇಂಜಿನ್‌ಗಳೂ ಎದೆಯುಬ್ಬಿಸಿ ನಿಲ್ಲುತ್ತವೆಂದು ಪ್ರತೀತಿ. (ಪ್ರತೀತಿ ಹುಟ್ಟಿಸಿದವಳು ನಾನೇ.)

ಗೇಜ್ ಎಂದರೆ ಗಡಿಯಾರದಂಥ ಡಬ್ಬಿ, ಒಂದು ಮುಳ್ಳು, ಒಂದು ರಬ್ಬರ್ ಪೈಪು. ಇಂಜಿನ್‌ಗೆ ಸಿಕ್ಕಿಸಿದರೆ ಅದು ಎಷ್ಟು ಜೋರಾಗಿ ಉಸಿರೆಳೆಯುತ್ತಿದೆ ಎಂದು ಮುಳ್ಳು ಹೇಳುತ್ತದೆ. ಅಲುಗದೆ ನಿಂತರೆ ಆರೋಗ್ಯ. ನಡುಗಿದರೆ ವಾಲ್ವ್ ಕಾಯಿಲೆ. ಕೆಳಗೇ ಕೂತರೆ ಎಲ್ಲೋ ಗಾಳಿ ಸೋರಿಕೆ. ಇದು ಇಬ್ಬರ ಕೆಲಸ. ಪ್ರತಿ ಭಾನುವಾರ ಇವರ ಅಣ್ಣ, ನಮ್ಮ ಭಾವ ಶಾಮಣ್ಣ ಬಂದು ಸೀಟಿನಲ್ಲಿ ಕೂತು ಆಕ್ಸಿಲರೇಟರ್ ಒತ್ತುವುದು, ಇವರು ಬಾನೆಟ್ಟಿನೊಳಗೆ ತಲೆಯಿಟ್ಟು "ಇನ್ನೊಂಚೂರು ಕೊಡು ಅಣ್ಣ" ಎನ್ನುವುದು. ಏನೂ ಕೆಡದ ನಮ್ಮ ಕಾರಿಗೆ ವಾರವಾರವೂ ತಪಾಸಣೆ!

ಯುಗಾದಿ ಕಳೆದ ಮೇಲೆ ಭಾವ ತೀರಿಕೊಂಡರು. ಗೇಜ್ ಕಪಾಟು ಸೇರಿತು. ಇವರ ಮಾತೂ ಅದರ ಜೊತೆಗೇ ಒಳಗೆ ಹೋಯಿತು. ಒಂದು ದಿನ ತಾವಾಗಿಯೇ ಬಾಯಿಬಿಟ್ಟರು: "ಕಾರು ಮಾರ್ಬಿಡ್ತೀನಿ."

ಕಾರೂ ಹೋದರೆ ಈ ಮನುಷ್ಯನಲ್ಲಿ ಉಳಿಯುವುದೇನು ಎಂದು ನನಗೆ ದಿಗಿಲು. ತಲಘಟ್ಟಪುರದಿಂದ ವೆಂಕಟಾಚಲ ಎಂಬವರು ಕಾರು ನೋಡಲು ಬರುವ ದಿನ, ಇವರು ಸ್ನಾನಕ್ಕೆ ಹೋದಾಗ ನಾನು ವೀರವನಿತೆಯಂತೆ ಸೆರಗು ಸಿಕ್ಕಿಸಿ ಬಾನೆಟ್ ಎತ್ತಿದೆ. ಮೂಲೆಯಲ್ಲಿದ್ದ ಒಂದು ಪೈಪನ್ನು ಸಡಿಲಿಸಿ ಬಂದೆ.

ವೆಂಕಟಾಚಲ ಕೀಲಿ ತಿರುಗಿಸಿದರು. ಕಾರು ಗೊರಗೊರ ಎಂದು ಒದ್ದಾಡಿತು.

"ಏನ್ ಸಾರ್, ಇಂಜಿನ್ನೇ ಹೋಗಿದ್ಯಲ್ಲ! ಬೇಡ ಬಿಡಿ."

ನನ್ನೊಳಗೆ ಜಯಭೇರಿ. ಅಷ್ಟರಲ್ಲಿ ಇವರು ಒಳಗೋಡಿ ಗೇಜ್ ತಂದರು!

"ರೀ, ಅವರೇ ಬೇಡ ಅಂತಿದಾರೆ. ಬನ್ನಿ, ಕಾಫಿ ಆರ್ತಿದೆ."

"ಸುಮ್ನಿರೇ. ಹೋಗಿ ಆಕ್ಸಿಲರೇಟರ್ ಒತ್ತು."

ಕೂತು ಒತ್ತಿದೆ.

"ಇನ್ನೊಂಚೂರು ಕೊಡು ಅಣ್ಣ" ಎಂದರು.

ಭಾವ ಕೊಡುತ್ತಿದ್ದಂತೆಯೇ ಇನ್ನೊಂಚೂರು ಕೊಟ್ಟೆ.

"ಮುಳ್ಳು ಕೆಳಗಿದೆ. ಎಲ್ಲೋ ಗಾಳಿ ಎಳೀತಿದೆ" ಎಂದು ಬಾನೆಟ್ಟಿನೊಳಗಿಂದ ದನಿ ಬಂತು. ಪೈಪು ಸಿಕ್ಕಿತು, ಬಿಗಿಯಾಯಿತು. ಇಂಜಿನ್ ಹಾಯಾಗಿ ಗುಂಯ್‌ಗುಟ್ಟಿತು.

"ಸಖತ್ ಕೈ ಸಾರ್ ನಿಮ್ದು! ನೀವು ನೋಡ್ಕೊಂಡಿರೋ ಗಾಡಿ ಬಿಡ್ತೀನಾ? ಈಗ್ಲೇ ತಗೊಂಡ್ಹೋಗ್ತೀನಿ" ಎಂದರು ವೆಂಕಟಾಚಲ. ಕಾರು ಉಳಿಸಲು ಹೂಡಿದ ನನ್ನ ಮಹಾತಂತ್ರವೇ ಕಾರನ್ನು ಮಾರಿಸಿತ್ತು.

ಕಾರು ತಿರುವು ದಾಟಿದ ಮೇಲೂ ಇವರು ಗೇಟು ಹಿಡಿದು ನಿಂತೇ ಇದ್ದರು. ನಾನು ಕಣ್ಣೊರೆಸಿಕೊಂಡು ಜಗಳಕ್ಕಿಳಿದೆ: "ನಿಮಗೂ ಕೊಡೋಕೆ ಮನಸ್ಸಿರ್ಲಿಲ್ಲ, ಅವರೂ ಬೇಡ ಅಂದಿದ್ರು. ಯಾಕ್ರೀ ರಿಪೇರಿ ಮಾಡಿದ್ರಿ?"

"ಹುಷಾರಿರ್ಲಿಲ್ಲ ಕಣೇ ಅದಕ್ಕೆ. ಹಾಗೇ ಹೇಗೆ ಕಳಿಸೋದು?"