ಹಾಯಿಗೊಂದು ತೇಪೆ

ಹಡಗಿನ ಹಾಯಿ ಹರಿಯಲು ಕಾರಣ ಒಂದೇ ಒಂದು ಮೊಳೆ. ಬಡಗಿ ಅದನ್ನು ಅರ್ಧ ಹೊಡೆದು ಚಹಾ ಕುಡಿಯಲು ಹೋಗಿದ್ದ. ಅಷ್ಟರಲ್ಲಿ ಲೈಟಿನವನು ಬಂದು, ಗಾಳಿ ಯಂತ್ರ ಸರಿಯಿದೆಯೋ ನೋಡೋಣ ಎಂದು ಸ್ವಿಚ್ಚು ಹಾಕಿದ. ಹಾಯಿ ಉಬ್ಬಿತು, ಮೊಳೆಗೆ ಸಿಕ್ಕಿತು, ಪರ್ರೆಂದು ಮೇಲಿನಿಂದ ಕೆಳಗಿನವರೆಗೆ ಸೀಳಿತು. ಆಗ ಬೆಳಗ್ಗೆ ಹತ್ತು ಗಂಟೆ. ಸಂಜೆ ಆರೂವರೆಗೆ ನಾಟಕ.

ರಂಗಮಂದಿರದ ಹಿಂಭಾಗದ ಹೊಲಿಗೆ ಕೋಣೆಯಲ್ಲಿದ್ದ ದರ್ಜಿಗೆ ಆ ಸದ್ದು ತನ್ನ ಬೆನ್ನ ಚರ್ಮವೇ ಹರಿದಂತೆ ಕೇಳಿಸಿತು.

ಎರಡು ವರ್ಷದ ಹಿಂದೆ ಈ ಹಡಗು ನಾಲ್ಕು ಜನ ಕೂತು ಹಾಡುವ ಒಂದು ದೋಣಿಯಾಗಿತ್ತು. ನಿರ್ದೇಶಕರಿಗೆ ಒಂದು ಬೆಳಗ್ಗೆ ದೋಣಿ ಸಾಲದು ಅನ್ನಿಸಿತು. ದೋಣಿ ಹಡಗಾಯಿತು, ಹಡಗಿಗೆ ಎರಡು ಅಂತಸ್ತು ಬಂತು. ಬಾಗಿಲಲ್ಲಿ ಹಿಡಿಸದೆ ಗೋಡೆ ಒಡೆದರು. ಒಳಗೆ ಬಂದದ್ದೇ ವೇದಿಕೆ ಕುಸಿದು, ಅದರ ಕೆಳಗೆ ಕಬ್ಬಿಣದ ಕಂಬ ಕೊಟ್ಟರು. ಅಷ್ಟು ದೊಡ್ಡ ಹಡಗಿನಲ್ಲಿ ನಾಲ್ವರು ಹಾಡಿದರೆ ಇರುವೆಗಳಂತೆ ಕಾಣುತ್ತಾರೆಂದು ಗಾಯಕರು ನಲವತ್ತಾದರು. ಹಣ ಹಾಕಿದ ಸಿಮೆಂಟ್ ವ್ಯಾಪಾರಿ ಮೊದಮೊದಲು ಕಾರಿನಲ್ಲಿ ಬರುತ್ತಿದ್ದವನು ಈಗ ನಡೆದುಕೊಂಡು ಬರುತ್ತಿದ್ದ. ನಾಟಕ ಏಳು ಸಲ ಮುಂದಕ್ಕೆ ಹೋಗಿತ್ತು. ಹೋದಾಗಲೆಲ್ಲ ಗಾಯಕರು ಒಂದು ಸುತ್ತು ದಪ್ಪಗಾಗುವರು. ದರ್ಜಿ ಕೂತು ಹೊಲಿಗೆ ಬಿಚ್ಚುವನು.

ದರ್ಜಿಗೆ ಐವತ್ತೆರಡು. ಒಂಟಿ ಮನುಷ್ಯ. ಹಿಂದಿನ ಓಣಿಯಲ್ಲಿ ಅವನ ಬಾಡಿಗೆ ಕೋಣೆ. ಕೋಣೆಯಿಂದ ಹಿಂಬಾಗಿಲಿಗೆ, ಹಿಂಬಾಗಿಲಿನಿಂದ ಕೋಣೆಗೆ, ಅಷ್ಟೇ ಅವನ ಓಡಾಟ. ದಿನವಿಡೀ ಅವನ ಜೊತೆ ಇರುವುದು ಅಳತೆಯ ಬೊಂಬೆ. ಅದಕ್ಕೆ ತಲೆಯಿಲ್ಲ. ಆದ್ದರಿಂದ ಅವನ ಮಾತನ್ನು ಅದು ಎಂದೂ ನಡುವೆ ತಡೆದಿರಲಿಲ್ಲ.

ಅವನು ಬಾಯಿಬಿಟ್ಟು ಮಾತಾಡುತ್ತಿದ್ದ ಇನ್ನೊಂದು ಜೀವ ಎಂದರೆ ಗುಂಡಿ, ದಾರ ಮಾರುವ ಅಂಗಡಿಯಾಕೆ. ಆಕೆಯೂ ಒಬ್ಬರೇ. ಮೊದಲ ಸಲ ತಾರೀಖು ಗೊತ್ತಾದಾಗ ದರ್ಜಿ ಮೂರು ದಿನ ಬೊಂಬೆಯ ಮುಂದೆ ಅಭ್ಯಾಸ ಮಾಡಿ, ಹೋಗಿ ಆಕೆಯನ್ನು ನಾಟಕಕ್ಕೆ ಕರೆದಿದ್ದ. ಬರುತ್ತೇನೆ ಎಂದಿದ್ದರು. ಆಮೇಲೆ ಏಳು ಸಲ ಅದೇ ಅಂಗಡಿಗೆ ಹೋಗಿ, ಇಲ್ಲವಂತೆ, ಮುಂದಕ್ಕೆ ಹೋಯಿತಂತೆ ಎಂದು ಹೇಳಿ ಬಂದಿದ್ದ. ಎಂಟನೇ ಸಲ ಕರೆದಾಗ ಆಕೆ ದಾರ ಸುತ್ತುವುದನ್ನು ನಿಲ್ಲಿಸಿ ಅವನ ಮುಖ ನೋಡಿದರು.

"ಮಾಸ್ಟ್ರೇ, ಏಳು ಸಲ ಅಂಗಡಿಗೆ ಬೇಗ ಬಾಗ್ಲು ಹಾಕೋಕೆ ತಯಾರಾಗಿದ್ದೆ. ಇದೊಂದ್ಸಲ ನೋಡ್ತೀನಿ. ಇದೂ ಆಗ್ಲಿಲ್ಲ ಅಂದ್ರೆ ಇನ್ಮೇಲೆ ಕರೀಬೇಡಿ. ಬೇಜಾರಿಂದ ಹೇಳ್ತಿಲ್ಲ, ಸುಮ್ನೆ ಆಸೆ ಪಟ್ಟು ಸುಸ್ತಾಗತ್ತೆ."

ಆಸೆ ಎಂಬ ಆ ಒಂದು ಮಾತನ್ನು ದರ್ಜಿ ಮನೆವರೆಗೂ ಅಂಗೈಯಲ್ಲಿ ಹಿಡಿದುಕೊಂಡವನಂತೆ ತಂದ. ಊರಿನವರಿಗೆಲ್ಲ ಹೊಲಿದವನು ಮೊದಲ ಸಲ ತನಗೊಂದು ಹೊಸ ಅಂಗಿ ಹೊಲಿದುಕೊಂಡ. ಮೂರನೇ ಸಾಲಿನಲ್ಲಿ ಅಕ್ಕಪಕ್ಕದ ಎರಡು ಸೀಟು ಹಿಡಿದಿಟ್ಟ.

ಅಂಥ ದಿನ ಹಾಯಿ ಹರಿದರೆ?

ಅವನು ಓಡಿಬರುವಷ್ಟರಲ್ಲಿ ಮ್ಯಾನೇಜರ್ ಹಾಯಿಯನ್ನು ಒಮ್ಮೆ ನೋಡಿ, ಅಭ್ಯಾಸಬಲದಿಂದ ಕ್ಯಾಲೆಂಡರ್ ತರಲು ಹೇಳಿಯಾಗಿತ್ತು. ದರ್ಜಿ ಅಡ್ಡ ನಿಂತ.

"ಸಂಜೆಯೊಳಗೆ ಹೊಲಿದು ಕೊಡ್ತೀನಿ ಸಾರ್. ಬಟ್ಟೆ ಒಂದು ಕೊಡ್ಸಿ."

ಮ್ಯಾನೇಜರ್ ತಮ್ಮ ಎರಡು ಜೇಬನ್ನೂ ಹೊರಗೆ ಎಳೆದು ತೋರಿಸಿದರು. ಅಷ್ಟೇ ಬಟ್ಟೆ ಇರುವುದು ಎಂಬ ಹಾಗೆ. ಬಟ್ಟೆ ಅಂಗಡಿಯವನು ಈ ನಾಟಕದ ಹೆಸರೆತ್ತಿದರೆ ಷಟರ್ ಎಳೆಯುತ್ತಿದ್ದ.

ದರ್ಜಿ ತನ್ನ ಕೋಣೆಗೆ ಹೋಗಿ ಕಿಟಕಿಯ ಪರದೆ ಕಿತ್ತ, ಹಾಸಿಗೆಯ ಚಾದರ ಎಳೆದ. ಒಬ್ಬನೇ ಮಲಗುವ ಮಂಚದ ಚಾದರ. ಸೀಳಿನ ಕಾಲು ಭಾಗಕ್ಕೂ ಬರಲಿಲ್ಲ. ಗಾಯಕರು ಮರುಕಪಟ್ಟು ತಮ್ಮ ಮನೆಯ ಚಾದರ ತಂದರು. ಎಲ್ಲದರ ಮೇಲೂ ಹೂವು, ಜಿಂಕೆ, ಒಂದರ ಮೇಲೆ ನಗುವ ಕರಡಿ. ಸಮುದ್ರದ ನಡುವೆ ಕರಡಿ ನಗುವುದು ನಿರ್ದೇಶಕರಿಗೆ ಒಪ್ಪಿಗೆಯಾಗಲಿಲ್ಲ.

ಹೊಲಿಯುತ್ತ ಕೂತರೆ ವರ್ಷ ಹಿಡಿಯುತ್ತದೆ, ಅಂಟು ಹಾಕಿ ಎಂದು ಬಡಗಿ ಬುದ್ಧಿ ಹೇಳಿದ. ಹೇಳಿ ಬಿಡಲಿಲ್ಲ, ಮರದ ಅಂಟನ್ನು ಬಕೆಟ್ಟಿನಲ್ಲಿ ತಂದು ತಾನೇ ಸುರಿದ. ಹಾಯಿ ಅಂಟಿತು. ಅದರ ಜೊತೆ ಅಂಗಿತೋಳಿನ ಸಮೇತ ದರ್ಜಿಯ ಬಲಗೈಯೂ ಅಂಟಿತು. ಅರ್ಧ ಗಂಟೆ ಅವನು ಹಾಯಿಗೆ ಸಿಕ್ಕ ಪತಂಗದಂತೆ ಒದ್ದಾಡಿದ. ಬಿಸಿ ನೀರು ಹಾಕಿ ಎಂದು ಒಬ್ಬ, ಎಣ್ಣೆ ಹಾಕಿ ಎಂದು ಇನ್ನೊಬ್ಬ. ಕಡೆಗೆ ಅವನು ಬೆಳಗ್ಗೆಯೇ ತೊಟ್ಟು ಬಂದಿದ್ದ ಹೊಸ ಅಂಗಿಯ ತೋಳನ್ನೇ ಕತ್ತರಿಯಿಂದ ಕತ್ತರಿಸಿ ಅವನನ್ನು ಬಿಡಿಸಿದರು. ತೋಳು ಹಾಯಿಯ ಮೇಲೆ ಉಳಿಯಿತು.

"ಇರ್ಲಿ ಬಿಡಿ ಮಾಸ್ಟ್ರೇ, ಒಂದು ಗೇಣು ತೂತು ಮುಚ್ತು," ಎಂದು ಲೈಟಿನವನು ಸಮಾಧಾನ ಹೇಳಿದ.

ನಾಲ್ಕೂವರೆಗೆ ಇನ್ನೂ ಎರಡಾಳು ಉದ್ದದ ಸೀಳು ಬಾಕಿ. ದರ್ಜಿ ಒಂದೇ ತೋಳಿನ ಅಂಗಿಯಲ್ಲಿ ಬಟ್ಟೆ ಹುಡುಕುತ್ತ ರಂಗಮಂದಿರವನ್ನೆಲ್ಲ ಸುತ್ತಿ, ಎಂದೂ ಕಾಲಿಡದ ಮುಂಬಾಗಿಲಿಗೆ ಬಂದ. ತಲೆಯೆತ್ತಿದ. ಬಾಗಿಲ ಮೇಲೆ ಈ ಕಂಬದಿಂದ ಆ ಕಂಬಕ್ಕೆ ದಪ್ಪನೆಯ ಬಿಳಿ ಬಟ್ಟೆ. ಅದರ ಮೇಲೆ ಕೆಂಪಕ್ಷರದಲ್ಲಿ 'ಇಂದು ಸಂಜೆ ಆರೂವರೆಗೆ'. ಹಿಂಬದಿ ಹಾಲಿನಷ್ಟು ಶುಭ್ರ. ಓದಬೇಕಾದವರು ಇಷ್ಟು ಹೊತ್ತಿಗೆ ಓದಿರುತ್ತಾರೆ ಎಂದುಕೊಂಡ. ಕಾವಲುಗಾರ ಇನ್ನೂ ಕೆಲಸಕ್ಕೆ ಬಂದಿರಲಿಲ್ಲ. ತಾನೇ ಏಣಿ ಹಾಕಿ ಹತ್ತಿ ಇಳಿಸಿಕೊಂಡ.

ಆರು ಗಂಟೆಗೆ ಹಾಯಿ ಮೇಲೇರಿತು. ಗಾಳಿ ಬಿಟ್ಟರು. ಉಬ್ಬಿತು, ನಿಂತಿತು. ನಲವತ್ತು ಜನ ಚಪ್ಪಾಳೆ ತಟ್ಟಿದರು. ಎರಡು ವರ್ಷದಲ್ಲಿ ಮೊದಲ ಸಲ ಎಲ್ಲವೂ ಹೊತ್ತಿಗೆ ಮುಂಚೆ ಸಿದ್ಧವಾಗಿತ್ತು. ದರ್ಜಿ ಹರಿದ ಅಂಗಿಯ ಮೇಲೆ ಪೆಟ್ಟಿಗೆಯಿಂದ ಹಡಗಿನ ಕಪ್ತಾನನ ಹಳೆಯ ಕೋಟು ತೊಟ್ಟು, ತಲೆ ಬಾಚಿ, ಹೋಗಿ ಮೂರನೇ ಸಾಲಿನಲ್ಲಿ ಕೂತ. ಪಕ್ಕದ ಸೀಟಿನ ಮೇಲೆ ಕೈ ಇಟ್ಟುಕೊಂಡ, ಬೇರೆ ಯಾರೂ ಕೂರದಿರಲೆಂದು.

ಕೂರಲು ಯಾರೂ ಬರಲಿಲ್ಲ. ಆರೂವರೆ ಕಳೆಯಿತು. ಆರುನೂರು ಸೀಟಿನ ಸಭಾಂಗಣದಲ್ಲಿ ಅವನನ್ನು ಬಿಟ್ಟು ಒಂಬತ್ತು ಜನ. ಅವರಲ್ಲಿ ಎಂಟು ಜನ ಗಾಯಕರ ಮನೆಯವರು, ಒಬ್ಬ ಸಿಮೆಂಟ್ ವ್ಯಾಪಾರಿ. ಆರೂಮುಕ್ಕಾಲಿಗೆ ಮ್ಯಾನೇಜರ್ ಪರದೆಯ ಸಂದಿಯಿಂದ ತಲೆ ಹಾಕಿ ನೋಡಿದರು. ತಲೆ ಒಳಗೆ ಹೋಯಿತು. ಒಳಗೆ ಯಾರೋ ಕ್ಯಾಲೆಂಡರ್ ಹಾಳೆ ತಿರುವಿದ ಸದ್ದು ಕೇಳಿಸಿತು.

ದರ್ಜಿ ಎದ್ದು ಮುಂಬಾಗಿಲಿಗೆ ಓಡಿದ. ಕಾವಲುಗಾರ ಸ್ಟೂಲಿನ ಮೇಲೆ ಕೂತು ಕಾಲು ಅಲ್ಲಾಡಿಸುತ್ತಿದ್ದ. ಜನ ಯಾಕೆ ಬರಲಿಲ್ಲವೆಂದು ಕೇಳಿದ್ದಕ್ಕೆ ಅವನಿಗೇ ಆಶ್ಚರ್ಯ.

"ಬಂದಿದ್ರಲ್ಲ ಮಾಸ್ಟ್ರೇ, ಗುಂಪು ಗುಂಪಾಗಿ ಬಂದ್ರು. ಬ್ಯಾನರ್ ಇಲ್ಲ ಅಂತ ನೋಡಿ ಹೋದ್ರು. ನಾಟಕ ನಿಂತಾಗೆಲ್ಲ ನಾವು ಬ್ಯಾನರ್ ಇಳ್ಸೋದು ತಾನೆ, ಊರಿಗೇ ಗೊತ್ತು. ನಂಗೂ ಯಾರೂ ಏನೂ ಹೇಳ್ಲಿಲ್ಲ, ನಾನೂ ಹಾಗೇ ಅಂದ್ಕೊಂಡೆ."

ದರ್ಜಿ ತಲೆಯೆತ್ತಿ ಖಾಲಿ ಕಂಬಗಳ ನಡುವೆ ನೋಡಿದ.

"ಗುಂಡಿ ಅಂಗಡಿ ಅಮ್ಮನೂ ಬಂದಿದ್ರು, ಆರಕ್ಕೇ. ಹೊಸ ಚಪ್ಪಲಿ ಕಚ್ತಿತ್ತೋ ಏನೋ, ಮೆಲ್ಲಗೆ ಬಂದ್ರು. ಮೇಲೆ ನೋಡಿದ್ರು. ಪಾಪ, ಮಾಸ್ಟ್ರಿಗೆ ಮತ್ತೆ ಬಂದು ಹೇಳೋ ಕಷ್ಟ ಬೇಡ, ನಾನೇ ನೋಡ್ಕೊಂಡೆ ಅಂತ ಹೇಳ್ಬಿಡಿ ಅಂದ್ರು."

ಒಳಗಿನಿಂದ ಮ್ಯಾನೇಜರ್ ಧ್ವನಿ ಕೇಳಿಸಿತು: ಒಂಬತ್ತನೇ ಸಲದ ತಾರೀಖು ಗೊತ್ತಾಗಿದೆ, ಎಲ್ಲರೂ ಬರೆದುಕೊಳ್ಳಿ.

ದರ್ಜಿ ಬರೆದುಕೊಳ್ಳಲಿಲ್ಲ. ಕಪ್ತಾನನ ಕೋಟಿನಲ್ಲೇ ಬೀದಿ ದಾಟಿದ. ಅಂಗಡಿಯ ಬಾಗಿಲು ಅರ್ಧ ತೆರೆದಿತ್ತು, ಒಳಗೆ ದೀಪವಿತ್ತು. ಚಪ್ಪಲಿ ಕಳಚಿ ಮೂಲೆಗೆ ಸರಿಸಿ, ಆಕೆ ದಾರದುಂಡೆಗಳನ್ನು ಡಬ್ಬಿಗೆ ಜೋಡಿಸುತ್ತಿದ್ದರು. ನಾಟಕ ನಿಜವಾಗಿಯೂ ಇತ್ತು, ಹಾಯಿ ಉಬ್ಬಿ ನಿಂತಿತ್ತು, ಆ ಬ್ಯಾನರ್ ಇಳಿಸಿದವನು ನಾನೇ, ಇಳಿಸಿದ್ದು ನೀವು ಬರುತ್ತೀರೆಂದೇ. ಇಷ್ಟನ್ನೂ ಹೇಳಬೇಕಿತ್ತು. ಆದರೆ ಇದನ್ನು ಅವನು ಬೊಂಬೆಯ ಮುಂದೆ ಒಂದು ಸಲವೂ ಅಭ್ಯಾಸ ಮಾಡಿರಲಿಲ್ಲ.

ಆಕೆ ತಲೆಯೆತ್ತದೆ ಹೇಳಿದರು.

"ತಾರೀಖು ಹೇಳೋಕೆ ಬಂದಿದ್ರೆ ಬೇಡ ಮಾಸ್ಟ್ರೇ. ಏನಾದ್ರೂ ಬೇಕಿದ್ರೆ ಹೇಳಿ, ಕೊಡ್ತೀನಿ."

ದರ್ಜಿ ಗುಂಡಿಯ ಡಬ್ಬಿಗಳತ್ತ ಕೈ ತೋರಿಸಿದ.

"ಒಂದು ಡಜನ್ ಕಪ್ಪು ಗುಂಡಿ," ಅಂದ.